ಎಡಗಡೆಯ ಮಂಜು

ಅಂಗಡಿಯಲ್ಲಿ ನಮ್ಮ ಮಾವನಿಗೆ ಇಟ್ಟ ಅಡ್ಡಹೆಸರು ಮಿಲಿಮೀಟರ್. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ನಲವತ್ತು ವರ್ಷ ಗಾಜಿಗೆ ಸಾಣೆ ಹಿಡಿದ ಮನುಷ್ಯ. ಫ್ರೇಮಿಗಿಂತ ಗಾಜು ಕೂದಲೆಳೆಯಷ್ಟು ಹೆಚ್ಚಿದ್ದರೂ ಬೆರಳಲ್ಲೇ ಹಿಡಿದುಬಿಡುತ್ತಾರೆ. ಮನೆಯಲ್ಲೂ ಅದೇ ಚಾಳಿ. ಗಡಿಯಾರ ವಾಲಿದೆ, ಬಾಗಿಲ ತಿರುಪು ಸಡಿಲ, ನಾನು ಮಡಿಸಿದ ಬಟ್ಟೆಯ ಅಂಚು ಕೂಡಿಲ್ಲ. "ನನ್ನನ್ನೂ ಒಂದ್ಸಲ ಅಳೆದುಬಿಡಿ ಮಾವ" ಎಂದು ರೇಗಿಸಿದರೆ ನಗುವುದೂ ಇಲ್ಲ. ಇಂಥವರ ಕಣ್ಣೆದುರೇ ನನ್ನ ಮಗಳ ಎಡಗಣ್ಣು ಕೈತಪ್ಪಿ ಹೋಯಿತು.

ಪುಟ್ಟಿಗೆ ಐದು ತುಂಬಿದಾಗ ದೂರದ್ದನ್ನು ನೋಡುವ ಹುಚ್ಚು ಹತ್ತಿತು. ಎದುರು ಮನೆಯ ನೀರಿನ ತೊಟ್ಟಿಯ ಮೇಲೆ ಕೂರುವ ಹಕ್ಕಿ, ಇನ್ನೂ ಬೆಳಕಿರುವಾಗಲೇ ಮೂಡುವ ಚಂದ್ರ. ನನ್ನ ಗಂಡ ಟೆಲಿಸ್ಕೋಪ್ ತರೋಣ ಅಂದರು. ಮಾವ ಬಿಡಬೇಕಲ್ಲ.

"ಅದಕ್ಕೆ ಸ್ಟ್ಯಾಂಡ್ ಬೇಕು, ಒಂದು ಕಣ್ಣು ಮುಚ್ಕೊಂಡು ನಿಲ್ಲಬೇಕು. ಎರಡು ದಿನಕ್ಕೆ ಮೂಲೆ ಸೇರುತ್ತೆ. ದೇವರು ಎರಡು ಕಣ್ಣು ಕೊಟ್ಟಿದಾನೆ, ಎರಡರಲ್ಲೂ ನೋಡ್ಲಿ. ಬೈನಾಕ್ಯುಲರೇ ಸರಿ."

"ಹಾಗಾದ್ರೆ ಹನ್ನೆರಡು ಪಟ್ಟು ದೊಡ್ಡದಾಗಿ ತೋರಿಸೋದು ತರೋಣಪ್ಪಾ."

"ಕೈ ನಡುಕಾನೂ ಹನ್ನೆರಡು ಪಟ್ಟು ಕಾಣ್ಸುತ್ತೆ ಕಣೋ! ಮಗೂಗೆ ಆರು ಪಟ್ಟು ಸಾಕು. ಹಗುರ ಇರ್ಬೇಕು, ಅಷ್ಟೆ."

ದೊಡ್ಡವರ ಬೈನಾಕ್ಯುಲರಿನ ಎರಡು ಕೊಳವೆಗಳು ಚಿಕ್ಕ ಮುಖಕ್ಕೆ ಬೇಕಾದಷ್ಟು ಹತ್ತಿರ ಬರುವುದಿಲ್ಲವಂತೆ. ಅದಕ್ಕೇ ಪುಟ್ಟಿಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕಣ್ಣಿಂದ ಕಣ್ಣಿಗೆ ಎಷ್ಟು ದೂರ ಎಂದು ಸ್ಕೇಲು ಹಿಡಿದು ಅಳೆದರು. ಮೂರು ಭಾನುವಾರ ಅಂಗಡಿ ಅಂಗಡಿ ಜಾಲಾಡಿ ಅವಳ ಅಳತೆಗೆ ಸರಿಯಾಗಿ ಕೂರುವಂಥದ್ದನ್ನೇ ತಂದರು. ಕಣ್ಣುಗಳ ನಡುವಿನ ಜಾಗವನ್ನು ಅಳೆದ ಪುಣ್ಯಾತ್ಮ ಕಣ್ಣುಗಳನ್ನೇ ಪರೀಕ್ಷೆ ಮಾಡಲಿಲ್ಲ.

ಮೊದಲ ದಿನವೇ ಪುಟ್ಟಿ ಹೇಳಿದಳು. "ಅಜ್ಜಾ, ಈ ಕಡೆ ಚೆನ್ನಾಗಿದೆ. ಆ ಕಡೆ ಬರೀ ಮಂಜು."

ಮಾವ ಅದನ್ನು ಅಂಗಡಿಗೆ ಒಯ್ದು ಬಿಚ್ಚಿದರು. ಒಳಗಿನ ಗಾಜು ಒರೆಸಿ, ಕೂಡಿಸಿ ತಂದರು. ಮಂಜು ಹೋಗಲಿಲ್ಲ. ಮತ್ತೆ ಬಿಚ್ಚಿದರು. ಅವರು ನೋಡಿದರೆ ಎರಡೂ ಕಡೆ ಸ್ವಚ್ಛ. ಬೇರೆಯವರಾಗಿದ್ದರೆ ಅಲ್ಲಿಗೆ ಅನುಮಾನ ಬರುತ್ತಿತ್ತೇನೋ. ಇವರು ಹೇಳಿದ್ದೇ ಬೇರೆ: "ನನ್ನ ಕಣ್ಣಿಗೆ ವಯಸ್ಸಾಯ್ತಮ್ಮಾ. ಮಗೂದು ಹೊಸ ಕಣ್ಣು. ಅವಳಿಗೆ ಕಾಣೋ ಕೊಳೆ ನಂಗೆ ಕಾಣ್ತಿಲ್ಲ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಹಾಗಾಯಿತು. ನಾಲ್ಕನೇ ಸಲ ರಿಪೇರಿ ಮಾಡಿ ತಂದ ದಿನ ಪುಟ್ಟಿ ಅದನ್ನು ಕಣ್ಣಿಗಿಟ್ಟು, "ಈಗ ಚೆನ್ನಾಗಿ ಕಾಣುತ್ತೆ ಅಜ್ಜಾ" ಎಂದಳು. ಮಾವ ಬಾಯ್ತುಂಬ ನಕ್ಕರು. ನಾನು ಸೊಸೆಯಾಗಿ ಬಂದ ಮೇಲೆ ಅವರು ಹಾಗೆ ನಕ್ಕಿದ್ದನ್ನು ಕಂಡಿದ್ದು ಅದೇ ಮೊದಲು. ಮಾರನೆಯ ದಿನ ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದರಂತೆ.

ಮೂರು ವರ್ಷ ಹಾಗೇ ಕಳೆಯಿತು. ಪುಟ್ಟಿಯ ಕಣ್ಣುಗಳು ನೋಡಲು ನೆಟ್ಟಗಿದ್ದವು. ಓಡುತ್ತಿದ್ದಳು, ಬರೆಯುತ್ತಿದ್ದಳು, ಬಿದ್ದಿದ್ದ ಸೂಜಿಯನ್ನೂ ಹುಡುಕಿಕೊಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಆಟಕ್ಕೆಂದು ಬೈನಾಕ್ಯುಲರನ್ನು ತಲೆಕೆಳಗಾಗಿ ಹಿಡಿದಳು. "ಅಯ್ಯೋ, ಹೀಗೆ ಹಿಡಿದ್ರೂ ಮಂಜು ಈ ಕಡೇನೇ ಇದೆ" ಎಂದು ತನ್ನಷ್ಟಕ್ಕೇ ಅಂದಳು. ಪೇಪರ್ ಓದುತ್ತಿದ್ದ ಮಾವ ತಲೆ ಎತ್ತಿದರು. ತಲೆಕೆಳಗಾದಾಗ ಬಲಗಡೆಯ ಕೊಳವೆ ಎಡಗಣ್ಣಿಗೆ ಬಂದಿತ್ತು. ಕೆಟ್ಟದ್ದು ಗಾಜಾಗಿದ್ದರೆ ಮಂಜೂ ಕಡೆ ಬದಲಿಸಬೇಕಿತ್ತು. ಅವರು ಎದ್ದು ಬಂದು ಅವಳ ಬಲಗಣ್ಣಿನ ಮೇಲೆ ಅಂಗೈ ಇಟ್ಟು, ಪೇಪರಿನ ದಪ್ಪ ಅಕ್ಷರ ತೋರಿಸಿದರು.

"ಓದು ಮರೀ."

"ಕೈ ತೆಗಿ ಅಜ್ಜಾ, ಕಾಣಲ್ಲ."

ಮಾವ ಪೇಪರನ್ನು ಅಲ್ಲೇ ಬಿಟ್ಟು, ನಮ್ಮಿಬ್ಬರನ್ನೂ ಆಗಲೇ ಆಸ್ಪತ್ರೆಗೆ ಹೊರಡಿಸಿದರು.

ಕಣ್ಣಿನ ಡಾಕ್ಟರು ತುಂಬ ಹೊತ್ತು ನೋಡಿ ಹೇಳಿದರು. "ಎಡಗಣ್ಣಲ್ಲಿ ನಂಬರ್ ತುಂಬಾ ಇತ್ತು. ಕನ್ನಡಕ ಇಲ್ಲದೆ ಮೆದುಳು ಆ ಕಣ್ಣನ್ನ ಬಳಸೋದೇ ಬಿಟ್ಟಿದೆ. ಐದರಲ್ಲಿ ಕರ್ಕೊಂಡು ಬಂದಿದ್ರೆ ಬೇರೆ ಮಾತು. ಈಗ ಕನ್ನಡಕ ಹಾಕಿ, ಒಳ್ಳೆ ಕಣ್ಣಿಗೆ ದಿನಾ ಪಟ್ಟಿ ಅಂಟಿಸಿ. ಪೂರ್ತಿ ಬರುತ್ತೆ ಅಂತ ಮಾತು ಕೊಡಲಾರೆ."

ಆ ಕನ್ನಡಕದ ಗಾಜಿಗೆ ಸಾಣೆ ಹಿಡಿದಿದ್ದು ಮಾವನೇ. ಅದಾದ ಮೇಲೆ ಕೆಲಸ ಬಿಟ್ಟುಬಿಟ್ಟರು. "ಊರವರ ಕನ್ನಡಕ ಎಲ್ಲಾ ಸರಿ ಮಾಡ್ದೆ, ಮನೆ ಮಗೂನ ಕುರುಡಿ ಮಾಡ್ದೆ" ಎಂದು ಮಗನೆದುರು ಕೈಮುಗಿದರು. ನನ್ನ ಗಂಡ ಮುಖ ತಿರುಗಿಸಿಕೊಂಡು ಹೋದವರು ತಿಂಗಳುಗಟ್ಟಲೆ ಅಪ್ಪನ ಜೊತೆ ಮಾತಾಡಲಿಲ್ಲ. ನನ್ನ ನಾಲಿಗೆಯೋ, ಕೇಳಲೇ ಬೇಡಿ. "ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಸುಳ್ಳಲ್ಲ ಮಾವ" ಎಂದು ಮುಖಕ್ಕೇ ಅಂದುಬಿಟ್ಟೆ. ಅವರು ತಲೆ ತಗ್ಗಿಸಿ "ಹೂಂನಮ್ಮಾ" ಅಂದರು. ಅವರೊಂದು ಎದುರುಮಾತು ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ವರ್ಷವಾಯಿತು. ಡಾಕ್ಟರ ಗೋಡೆಯ ಮೇಲಿನ ಅಕ್ಷರಗಳಲ್ಲಿ ಪುಟ್ಟಿ ಎಡಗಣ್ಣಿಂದ ಎರಡು ಸಾಲು ಹೆಚ್ಚು ಓದುತ್ತಾಳೆ, ಅಷ್ಟೇ. ಇನ್ನು ಮುಂದೆ ಹೋಗುವುದು ಕಷ್ಟವಂತೆ. ಮೊನ್ನೆ ಬೆಳಿಗ್ಗೆ ಪಟ್ಟಿ ಅಂಟಿಸುತ್ತಿದ್ದೆ. ಪುಟ್ಟಿ ಮೆಲ್ಲಗೆ ಕೇಳಿದಳು.

"ಅಮ್ಮಾ, ಅವತ್ತು ಚೆನ್ನಾಗಿ ಕಾಣುತ್ತೆ ಅಂತ ಹೇಳು ಅಂದಿದ್ದು ನೀನೇ ಅಲ್ವಾ?"

ಹೌದು, ನಾನೇ. ನಾಲ್ಕನೇ ಸಲ ಮಾವ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿದಾಗ ಅವಳ ರಟ್ಟೆ ಹಿಡಿದು ಹೇಳಿದ್ದೆ: "ಅಜ್ಜ ಎಷ್ಟು ಒದ್ದಾಡ್ತಿದಾರೆ ನೋಡು. ಇನ್ನು ಮಂಜು ಮಂಜು ಅಂತ ಪ್ರಾಣ ತಿನ್ಬೇಡ. ಚೆನ್ನಾಗಿ ಕಾಣುತ್ತೆ ಅನ್ನು." ಹಾಗನ್ನದೆ ಇದ್ದಿದ್ದರೆ ಮಾವ ಐದನೇ ಸಲ ಬಿಚ್ಚುತ್ತಿದ್ದರು. ಆರನೇ ಸಲಕ್ಕಾದರೂ ಅವರಿಗೆ ಹೊಳೆಯುತ್ತಿತ್ತು. ಬಿಡುವ ಮನುಷ್ಯರೇ ಅಲ್ಲ ಅವರು.

ಪಕ್ಕದ ಕೋಣೆಯಲ್ಲಿ ಮಾವ ಕೆಮ್ಮಿದರು.

"ಅದನ್ನ ಅಜ್ಜಂಗೆ ಹೇಳ್ಬೇಡ. ಅಪ್ಪಂಗೂ ಹೇಳ್ಬೇಡ" ಎಂದೆ.

ಪುಟ್ಟಿ ತಲೆಯಾಡಿಸಿದಳು. ನನ್ನ ಮಾತು ಮೀರುವ ಮಗುವಲ್ಲ ಅವಳು.