ಗ್ರೀಸಿಗೆ ದೊಡ್ಡವ್ವ ಕೊಟ್ಟ ರಾಜ

ಬೆಳಿಗ್ಗೆ ಮನೆಯ ಮುಂದೆ ಕಬ್ಬಿನ ಗಾಡಿಯೊಂದು ಹಾದುಹೋಯಿತು. ಹಸಿ ಕಬ್ಬಿನ ವಾಸನೆ ಮೂಗಿಗೆ ಬಡಿದರೆ ನಿಮಗೆ ಹಬ್ಬ ನೆನಪಾಗಬಹುದು, ಬೆಲ್ಲ ನೆನಪಾಗಬಹುದು. ನನಗೆ ಗ್ರೀಸ್ ದೇಶ ನೆನಪಾಗುತ್ತದೆ. ನಗಬೇಡಿ. ಹಲ್ಲು ಹೋದವನಿಗೆ ಕಬ್ಬು ಇನ್ನಾವ ಉಪಯೋಗಕ್ಕೆ ಬಂದೀತು?

ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದ ಕಾಲ ಅದು. ಪೆರಿಯಾರ್ ಹೊಳೆಯ ನೀರು ಬೆಟ್ಟ ಕೊರೆದ ಸುರಂಗದಿಂದ ತಮಿಳು ಸೀಮೆಯ ನಮ್ಮ ಕಂಬಂ ಕಣಿವೆಗೆ ಇಳಿದು ಹೆಚ್ಚು ದಿನವಾಗಿರಲಿಲ್ಲ. ನಾನು ದಿಂಡುಗಲ್ಲಿನಲ್ಲಿ ಓದಿ, ಪರೀಕ್ಷೆಯಲ್ಲಿ ನಪಾಸಾಗಿ, ಊರಿಗೆ ಬಂದು ವಿದ್ವಾಂಸನಾಗಿದ್ದೆ. ಮೀಸೆ ಪೂರ್ತಿ ಬಂದಿರಲಿಲ್ಲ, ಅಭಿಪ್ರಾಯಗಳು ಬಂದಿದ್ದವು. ಗ್ರೀಕರಿಗೂ ತುರ್ಕಿಯ ಸುಲ್ತಾನನಿಗೂ ಮತ್ತೆ ಯುದ್ಧವೆಂದು ಪತ್ರಿಕೆಯಲ್ಲಿ ಓದಿದ ಮೇಲಂತೂ ಹಿಡಿಯುವವರೇ ಇರಲಿಲ್ಲ. ನನ್ನ ದೊಡ್ಡಪ್ಪನ ಹೆಂಡತಿ, ಯಾರಿಗೂ ಸೊಪ್ಪು ಹಾಕದ ದೊಡ್ಡವ್ವ, ರಾಗಿ ಬೀಸುವಾಗ ಎದುರು ಕೂತು ಗ್ರೀಕರ ಹಳೆಯ ಸ್ವಾತಂತ್ರ್ಯ ಸಮರದ ಕಥೆ ಹೇಳುತ್ತಿದ್ದೆ. ಅವಳಿಗೆ ಅದು ಬಲು ಇಷ್ಟ. ನಮ್ಮ ಹಿರಿಯರು ಯಾವುದೋ ಸೈನ್ಯಕ್ಕೆ ಹೆದರಿ, ದನ ಹೊಡೆದುಕೊಂಡು ಕನ್ನಡ ನಾಡಿನಿಂದ ಇಳಿದು ಬಂದವರಂತೆ. ಓಡಿ ಬಂದವರಿಗೆ ನಿಂತು ಹೋರಾಡಿದವರ ಕಥೆಯಲ್ಲಿ ರುಚಿ ಹೆಚ್ಚು.

ಕಥೆ ಕೊನೆಗೆ ಬಂದಾಗ ಬೀಸುವ ಕಲ್ಲು ನಿಂತಿತು. ಗೆದ್ದ ಗ್ರೀಕರು ತಮ್ಮತಮ್ಮಲ್ಲೇ ಕಚ್ಚಾಡಿದರು, ದೊಡ್ಡ ರಾಜ್ಯಗಳವರು ಎಲ್ಲಿಂದಲೋ ಒಬ್ಬ ಎಳೆಯ ರಾಜಕುಮಾರನನ್ನು ತಂದು ಸಿಂಹಾಸನದ ಮೇಲೆ ಕೂರಿಸಿದರು ಎಂದಿದ್ದೆ.

“ಗೆದ್ದೋರು ಯಾರು?”

“ಗ್ರೀಕರು.”

“ರಾಸ ಯಾರು?”

“ಬ್ಯಾರೆ ದೇಸದ ಹುಡುಗ, ದೊಡ್ಡವ್ವ.”

“ಈ ಕದೆ ನಂಗೆ ಪಿಡಿಸ್ಲಿಲ್ಲ. ತಿರುಗಿ ಯೋಳು.”

ನಡೆದದ್ದನ್ನು ಬದಲಿಸಲಾಗದು ಎಂದೆ. ನಪಾಸಾದವನ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಟ್ಟಳು.

ಇಲ್ಲಿ ನಮ್ಮ ದೇವರ ಮಂದೆಯ ವಿಷಯ ಹೇಳಬೇಕು. ಆ ದನಗಳಿಗೆ ಒಡೆಯನಿಲ್ಲ. ಮಾರುವಂತಿಲ್ಲ, ನೊಗಕ್ಕೆ ಕಟ್ಟುವಂತಿಲ್ಲ. ಮಂದೆಯ ರಾಜನಿಗೆ ಪಟ್ಟದ ಆವು ಎನ್ನುತ್ತೇವೆ. ಆವು ಎಂದರೆ ಹಸು, ಹೋರಿಯಾದರೂ ಹೆಸರು ಅದೇ. ಹಳೆಯದು ಸತ್ತರೆ ಮಂದೆಯ ಮುಂದೆ ಅರಿಶಿನ ಹಚ್ಚಿದ ಕಬ್ಬಿನ ಕಟ್ಟು ಇಡುತ್ತಾರೆ. ತಾನಾಗಿ ಬಂದು ಮೊದಲು ಬಾಯಿ ಹಾಕಿದ್ದೇ ರಾಜ.

ಆ ವರ್ಷ ಪಟ್ಟದ ಆವು ಸತ್ತಿತು. ಕಬ್ಬು ಹೊರುವವರು ಯಾರೆಂದು ಮೇಲುಬೀದಿಗೂ ಕೆಳಬೀದಿಗೂ ಮಾತು ಬೆಳೆದು, ಮುಖ ನೋಡುವುದೂ ನಿಂತಿತು. ಕಾಲುವೆಯ ಕೆಳಗೆ ಹೊಸದಾಗಿ ಭೂಮಿ ಹಿಡಿದಿದ್ದ ದಿಂಡುಗಲ್ಲಿನ ವ್ಯಾಪಾರಿಯೊಬ್ಬರು ಆಗ ಮುಂದೆ ಬಂದರು. ತಮ್ಮ ಕಾಂಗೇಯಂ ತಳಿಯ ಹೋರಿಗೇ ಪಟ್ಟ ಕಟ್ಟಲಿ, ಮಂದೆಯನ್ನೂ ತಾವೇ ಸಾಕುತ್ತೇವೆ ಎಂದರು. ಇಂದು ಹೋರಿ ಅವರದು, ನಾಳೆ ಮಂದೆ ಅವರದು ಎಂಬುದು ಎಲ್ಲರಿಗೂ ತಿಳಿದಿತ್ತು. ಆದರೂ ಎದುರುಬೀದಿಯವರು ಗೆಲ್ಲುವುದಕ್ಕಿಂತ ಇದೇ ವಾಸಿ ಎಂದು ಎರಡು ಬೀದಿಯೂ ತಲೆಯಾಡಿಸಿದವು. ಒಗ್ಗಟ್ಟು ಹೀಗೂ ಬರುತ್ತದೆ.

ಪಟ್ಟ ಕಟ್ಟುವ ದಿನ ಊರೆಲ್ಲ ಮಂದೆಯ ದೊಡ್ಡಿಯಲ್ಲಿ ಸೇರಿತ್ತು. ಹೆಂಗಸರು ಬೇಲಿಯ ಆಚೆ. ಅಲ್ಲಿಂದಲೇ ದೊಡ್ಡವ್ವನ ದನಿ ಬಂತು.

“ಕೇಳಪ್ಪ ಗೌಡ, ಒಂದು ಕದೆ ಐತೆ. ಕಿರೇಕರು ಅಂತ ನಮ್ಮಂಗೇ ಒಂದು ಸನ. ಸುಲ್ತಾನನ ಸೇನೆ ಓಡಿಸಿದ್ರು. ಆಮ್ಯಾಲೆ ನಮ್ಮಂಗೇ ಒಳಗೊಳಗೇ ಸಂಡೆ, ಕಚ್ಚಾಟ. ಬ್ಯಾರೆ ದೇಸದೋರು ಒಂದು ಪಿಳ್ಳೆನ ತಂದು, ಇವನ್ನ ರಾಸ ಮಾಡ್ಕೊಳ್ಳಿ ಅಂದ್ರು. ಆ ಊರ ಮುದುಕೀರು ಬಿಟ್ಟಾರಾ? ಕಬ್ಬು ತರ್ಸಿ ಮಡಗಿದ್ರು. ಗುಡ್ಡದಿಂದ ಆಡು ಮೇಸೋನೊಬ್ಬ ಇಳಿದು ಬಂದು ತಕ್ಕೊಂಡ. ಅವನೇ ರಾಸ. ಆ ಪಿಳ್ಳೆಗೆ ಮಜ್ಜಿಗೆ ಕುಡಿಸಿ, ಓಗಪ್ಪ, ನಿಮ್ಮವ್ವ ದಾರಿ ನೋಡ್ತಿರ್ತಾಳೆ ಅಂತ ಹಡಗು ಹತ್ತಿಸಿದ್ರು.”

ಊರಗೌಡರು ನನ್ನ ಕಡೆ ತಿರುಗಿದರು. “ಓದಿದೋನು ನೀನು. ಇದು ನಿಸವಾ?”

ಇದನ್ನೇ ಪರೀಕ್ಷೆಯಲ್ಲಿ ಬರೆದಿದ್ದರೆ ಮತ್ತೆ ನಪಾಸಾಗುತ್ತಿದ್ದೆ. ಬೇಲಿಯಾಚೆ ದೊಡ್ಡವ್ವ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ನಿಸಾನೇ ಮಾವ. ಬುಕ್ಕಲ್ಲೇ ಐತೆ,” ಎಂದೆ.

ಗೌಡರು ಊರಿನವರ ಕಡೆ ತಿರುಗಿ, “ಕಬ್ಬು ತರ್ರಪ್ಪ, ಎರಡು ಬೀದಿಯೋರೂ ಸೇರಿ,” ಎಂದರು. ವ್ಯಾಪಾರಿ ನಕ್ಕು, “ವೈಯುಂಗ, ಪಾಕ್ಕಲಾಂ,” ಅಂದರೆ ಇಡಿ, ನೋಡೋಣ ಎಂದರು. ಅವರ ಹೋರಿಗಿಂತ ಗಟ್ಟಿಯಾದದ್ದು ಕಣಿವೆಯಲ್ಲೇ ಇರಲಿಲ್ಲ.

“ಅದೂ ನಿಲ್ಲಲಿ,” ಎಂದಳು ದೊಡ್ಡವ್ವ. “ಹಗ್ಗ ಮಾತ್ರ ಬಿಚ್ಚಿ.”

ಹಗ್ಗ ಬಿಚ್ಚಿದರು. ಕಾಂಗೇಯಂ ಹೋರಿ ಕಬ್ಬು ನೋಡಿ ಜೊಲ್ಲು ಸುರಿಸಿತು. ಆದರೆ ಹೆಜ್ಜೆ ಇಡಲಿಲ್ಲ. ಕತ್ತು ತಿರುಗಿಸಿ, ಎಳೆಯುವ ಆಳು ಎಲ್ಲಿ ಎಂದು ಹುಡುಕಿತು. ಹುಟ್ಟಿದಾಗಿನಿಂದ ಯಾರಾದರೂ ಎಳೆದ ಕಡೆಗೇ ಅದು ನಡೆದಿತ್ತು, ಪಾಪ. ಅಷ್ಟರಲ್ಲಿ ಹಿಂದಿನಿಂದ, ಒಂದು ಕೊಂಬು ಸೊಟ್ಟಗಿದ್ದ ಬಡಕಲು ಹೋರಿಯೊಂದು ಹಸುಗಳನ್ನು ತಳ್ಳಿಕೊಂಡು ಬಂದು, ಅರಿಶಿನ ಗಿರಿಶಿನ ನೋಡದೆ ಕಬ್ಬಿನ ಕಟ್ಟನ್ನೇ ಕಿತ್ತುಕೊಂಡಿತು.

ಉರುಮೆ ಬಡಿದರು ನೋಡಿ, ಬೆಟ್ಟ ಮಾರ್ದನಿಗೊಟ್ಟಿತು. ಎರಡು ಬೀದಿಯವರೂ ಒಂದೇ ಕೊಡದಿಂದ ಅರಿಶಿನದ ನೀರು ಎರಚಿದರು. ವ್ಯಾಪಾರಿಯೂ ಕೈ ಮುಗಿದರು. ನಾನು ಎಲ್ಲರೆದುರೇ ಅತ್ತೆ. ಅಂಥ ಸಂತೋಷ ನನಗೆ ಮತ್ತೆ ಸಿಕ್ಕಿಲ್ಲ.

ಮನೆಗೆ ನಡೆಯುತ್ತ ದೊಡ್ಡವ್ವ, “ಆ ದೇಸ ಈಗ ಎಂಗೈತಪ್ಪ?” ಎಂದಳು. ಪತ್ರಿಕೆಯ ಪ್ರಕಾರ ಗ್ರೀಕರು ಸೋಲುತ್ತಿದ್ದರು.

“ಚೆನ್ನಾಗೈತೆ ದೊಡ್ಡವ್ವ. ರಾಸ ಈಗಲೂ ಆಡು ಮೇಸ್ತಾನಂತೆ.”

“ಮೇಸ್ಲಿ,” ಎಂದಳು.

ಆಮೇಲೆ ಚರಿತ್ರೆಯ ಪುಸ್ತಕಗಳನ್ನು ಬೇಕಾದಷ್ಟು ಓದಿದ್ದೇನೆ. ಅವುಗಳ ಜೊತೆ ಜಗಳವಿಲ್ಲ. ಈ ಸಂಜೆ ಮಂದೆ ನಮ್ಮ ಬೀದಿಯಲ್ಲಿ ಇಳಿದು ಬಂದಾಗ, ಊರಿಗೆ ಹೊಸಬನಾದ ಯಾರೋ ಒಬ್ಬ ಸೈಕಲ್ ನಿಲ್ಲಿಸಿ, “ಯಾರ್ ಮಾಡು ತಾತಾ ಇದು?” ಎಂದ, ಇದು ಯಾರ ದನವೆಂದು. ತಮಿಳಿನಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಹೇಳಬೇಕಿತ್ತು. ಕೂತೇ ಹೇಳಬಹುದಿತ್ತು. ಮೊಣಕಾಲು ಹಿಡಿದುಕೊಂಡು ಎದ್ದು ನಿಂತೆ.

“ಯಾರ್ದೂ ಅಲ್ಲ ಸಾಮಿ,” ಎಂದೆ. “ದಾರಿ ಬಿಡು.”