ಮಂಜೂರಿ ಬರುವ ತನಕ ಒಂದು ಹಿಡಿ

ನನಗೆ ಸರಿಯಾಗಿ ತಿಳಿಯದ ಸುದ್ದಿಯನ್ನು ಇನ್ನೊಬ್ಬರಿಗೆ ತಿಳಿಸಿ ಹೇಳುವ ಚಟ ನನ್ನದು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಅದು ಬಿಟ್ಟರೂ ಬಿಡದು. ಹೆಂಡತಿ ಜೋಳ ಬೀಸಿಕೊಂಡು ಬಾ ಎಂದು ಕಳಿಸಿದರೆ ಬಗಲಲ್ಲಿ ಪತ್ರಿಕೆಯನ್ನೂ ಇಟ್ಟುಕೊಂಡೇ ಹೊರಡುತ್ತೇನೆ.

ಶಹಾಪುರದ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವಳು ಸಿದ್ದಮ್ಮ. ಅವತ್ತು ನನ್ನನ್ನು ಕಂಡವಳೇ ಕೇಳಿದಳು: "ಮಾಸ್ತರ್ರ, ಕರೆಂಟಿನ ದರ ಏರ್ಯಾದೇನ್ರಿ?"

"ಏರ್ಯಾದವಾ, ಆದ್ರ ಪೂರಾ ಏರಿಲ್ಲ," ಎಂದೆ. ಈ ಉತ್ತರ ನನಗೇ ಬಹಳ ಹಿಡಿಸಿತು.

ವಿದ್ಯುತ್ ಕಂಪನಿ ದರ ಏರಿಸಲು, ದರ ನಿಗದಿ ಮಾಡುವ ಆಯೋಗವನ್ನು ಕೇಳಿತ್ತು. ವಿಚಾರಣೆ ಮುಗಿದಿರಲಿಲ್ಲ. ಮಂಜೂರಿ ಸಿಗುವ ತನಕ ತಾತ್ಕಾಲಿಕವಾಗಿ ಒಂದಿಷ್ಟು ಹೆಚ್ಚು ವಸೂಲಿ ಮಾಡಬಹುದು, ಸಿಗದಿದ್ದರೆ ಮುಂದಿನ ಬಿಲ್ಲುಗಳಲ್ಲಿ ತಿರುಗಿ ಕೊಡಬೇಕು ಎಂದು ಆಯೋಗ ಹೇಳಿತ್ತು. ತಾತ್ಕಾಲಿಕ ಎಂಬುದರ ಮೇಲೆ ನನಗೆ ಮೊದಲಿನಿಂದಲೂ ಗೌರವ. ಸುರಪುರದ ಶಾಲೆಯೊಂದರಲ್ಲಿ ಒಂಬತ್ತು ವರ್ಷ ನಾನೇ ತಾತ್ಕಾಲಿಕವಾಗಿದ್ದೆ. ಇವನ ನೌಕರಿ ಪಕ್ಕಾ ಆಗಲಿ ಎಂದು ಕಾದ ಮಾವನವರು ಕೊನೆಗೆ ಬೇಸತ್ತು ಮಗಳನ್ನು ಕೊಟ್ಟರು. ಜಗತ್ತೇ ತಾತ್ಕಾಲಿಕ ಎನ್ನುವ ವೇದಾಂತಿಗಳಿಗೆ ತಿಂಗಳ ಬಿಲ್ಲು ಬರುತ್ತಿರಲಿಲ್ಲವೆಂದು ಕಾಣುತ್ತದೆ.

ಸಿದ್ದಮ್ಮನಿಗೆ ಬರುತ್ತಿತ್ತು. ಬೀಸುವ ದರ ಏರಿಸಿದರೆ ಹೆಂಗಸರು ಬಸ್ ನಿಲ್ದಾಣದ ಹತ್ತಿರದ ದೊಡ್ಡ ಗಿರಣಿಗೆ ಹೋಗುತ್ತಾರೆ. ಏರಿಸದೆ ಇದ್ದು ಕರೆಂಟಿನ ದರ ಪಕ್ಕಾ ಆಗಿಬಿಟ್ಟರೆ ಗಿರಣಿಗೇ ಬೀಗ. ಅವಳು ಬಾಗಿಲ ಪಕ್ಕ ಒಂದು ಖಾಲಿ ಚೀಲ ಇಟ್ಟಳು. ಕೂಲಿಯಾಗಿ ಜೋಳ ಪಡೆಯುವ ಹೆಂಗಸರು ಬೀಸಿದ್ದಕ್ಕೂ ಜೋಳವನ್ನೇ ಕೊಡುವುದು ನಮ್ಮ ಓಣಿಯ ಪದ್ಧತಿ.

"ಬೀಸಿದಾಗೊಮ್ಮೆ ಇದ್ರಾಗ ಒಂದು ಹಿಡಿ ಹೆಚ್ಚಿಗಿ ಹಾಕ್ರಿ," ಎಂದು ಬೀಸಲು ಬಂದವರಿಗೆಲ್ಲ ಹೇಳಿದಳು. "ಮಂಜೂರಿ ಬಂದ್ರ ನಂದು, ಬರಲಿಲ್ಲಂದ್ರ ನಿಮ್ದು. ನಿಮ್ಮ ಕೈಲೆ ಹಾಕ್ರಿ, ನಿಮ್ಮ ಕೈಲೆ ತಗೋರಿ."

ಯಾರೂ ದೊಡ್ಡ ಗಿರಣಿಗೆ ಹೋಗಲಿಲ್ಲ. ಚೀಲ ತುಂಬಿತು. ಆಯೋಗ ಮಾತ್ರ ನಿಧಾನವಾಗಿ ವಿಚಾರಣೆ ನಡೆಸಿತು. ಬೇಸಿಗೆ ಹೋಗಿ ಮಳೆಗಾಲ ಬಂದು ಅದೂ ಮುಗಿಯುವ ಹೊತ್ತಿಗೆ ಆದೇಶ ಬಂತು: ಹೆಚ್ಚಳಕ್ಕೆ ಮಂಜೂರಿ ಇಲ್ಲ. ನಾನೇ ಗಿರಣಿಯ ಮುಂದೆ ನಿಂತು, ನೆರೆದ ಹೆಂಗಸರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದೆ.

ಸಿದ್ದಮ್ಮ ಚೀಲ ಬಿಚ್ಚಿದಳು. ಜೋಳಕ್ಕೆ ನುಸಿ ಹತ್ತಿತ್ತು. ಮೊರದಲ್ಲಿ ಕೇರಿ ಹಸನು ಮಾಡಿದರೆ ಅರ್ಧ ಚೀಲವೂ ಉಳಿಯಲಿಲ್ಲ.

"ಕಡಿಮಿ ಬಿದ್ರ ಮನ್ಯಾಗಿನ ಜೋಳ ತಂದು ಹಾಕ್ತೀನ್ರಿ," ಎಂದಳು ಸಣ್ಣ ದನಿಯಲ್ಲಿ. ಅವಳ ಮನೆಯಲ್ಲಿ ಎಷ್ಟಿತ್ತೆಂದು ಎಲ್ಲರಿಗೂ ಗೊತ್ತಿತ್ತು.

ಹತ್ತಿ ಬಿಡಿಸುವ ಕೂಲಿಗೆ ಹೋಗುವ ಭೀಮವ್ವ ಎಲ್ಲರಿಗಿಂತ ಮುಂದೆ ನಿಂತಿದ್ದಳು. "ಮಾಸ್ತರ್ರ, ಈ ನುಸಿಗಿ ಯಾರು ಮಂಜೂರಿ ಕೊಟ್ರು?" ಎಂದಳು. ನಾನು ಪತ್ರಿಕೆ ಮಡಚಿ ಬಗಲಿಗಿಟ್ಟೆ. ಆಯೋಗ ತಡಮಾಡಬಹುದೆಂದು ಈ ಹೆಂಗಸರಿಗೆ ಮೊದಲೇ ಹೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಭೀಮವ್ವ ಚೀಲದೊಳಗೆ ಕೈ ಇಳಿಸಿ, ಬೆರಳು ಬಿಗಿದು, ಮಕ್ಕಳು ತೆಗೆಯುವಷ್ಟು ಜೋಳ ತೆಗೆದಳು. "ನನ್ನ ಹಿಡಿ ಇಷ್ಟ ಇತ್ತವಾ," ಎನ್ನುತ್ತ ಸೆರಗಿಗೆ ಹಾಕಿಕೊಂಡಳು. ಒಂದೇ ಸಲಕ್ಕೆ ಎಷ್ಟೊಂದು ಹತ್ತಿ ಕಿತ್ತು ಮಡಿಲಿಗೆ ತುಂಬುವ ಕೈ ಅದು. ಹಿಂದೆ ನಿಂತವರ ಹಿಡಿಗಳು ಇನ್ನೂ ಸಣ್ಣವಾಗುತ್ತ ಹೋದವು.

ಕೊನೆಯವಳು ಹೋದ ಮೇಲೂ ಚೀಲದ ತಳದಲ್ಲಿ ಜೋಳ ಉಳಿದಿತ್ತು. ಅದನ್ನೇನು ಮಾಡಲಿ ಎಂದು ಸಿದ್ದಮ್ಮ ಕಣ್ಣೊರೆಸಿಕೊಳ್ಳುತ್ತ ನನ್ನನ್ನೇ ಕೇಳಿದಳು.

"ಇದಕ್ಕ ಯಾರ ಮಂಜೂರೀನೂ ಬ್ಯಾಡವಾ," ಎಂದೆ. "ಮನಿಗಿ ಒಯ್ಯಿ."