ಬೀರಪ್ಪ ಕಾಕಾ ಆಡಿದ ಕೊನೆಯ ವರ್ಷ

ಅಗಸೆ ಎಣ್ಣೆಯ ವಾಸನೆ ಎಲ್ಲಿ ಬಂದರೂ ನನಗೆ ಸೋಲಾಪುರದ ಹತ್ತಿರ ನಮ್ಮೂರು ವಳಸಂಗದ ಮಣ್ಣಿನ ಮಾಳಿಗೆಯ ಮನೆ ನೆನಪಾಗುತ್ತದೆ. ಅಪ್ಪನ ತಮ್ಮ ಬೀರಪ್ಪ ಕಾಕಾ ಕುರಿ ಮೇಯಿಸಿ ಬಂದು, ಪಡಸಾಲೆಯಲ್ಲಿ ಕೂತು, ಹಳೆಯ ಧೋತರದ ಚೂರಿನಿಂದ ತನ್ನ ಕ್ರಿಕೆಟ್ ಬ್ಯಾಟಿಗೆ ಆ ಎಣ್ಣೆ ತಿಕ್ಕುತ್ತಿದ್ದ. ಒಳಗೆ ಅವನ ಹೆಂಡತಿ ಗೌರಾ ಕಾಕು ರೊಟ್ಟಿ ಬಡಿಯುವ ಸಪ್ಪಳ, ಹಿತ್ತಲಿನಿಂದ ಕುರಿಗಳ ಬೆಚ್ಚನೆಯ ವಾಸನೆ. ಊರ ಟೀಮಿನಲ್ಲಿ ಅವನಷ್ಟು ದೂರ ಹೊಡೆಯುವವರು ಇರಲಿಲ್ಲ. ಅವನು ಹೊಡೆದ ಚೆಂಡು ಹಳ್ಳ ದಾಟಿ ಜೋಳದ ಹೊಲದಲ್ಲಿ ಬೀಳುತ್ತಿತ್ತು. ಅದನ್ನು ಹುಡುಕುವುದರಲ್ಲೇ ನಮ್ಮ ಸಂಜೆ ಮುಗಿಯುತ್ತಿತ್ತು.

ನನ್ನ ಅಣ್ಣ ಸಿದ್ದು ಕ್ಯಾಪ್ಟನ್ ಆದ ವರ್ಷವೇ ಕಾಕಾನ ಆಟ ಕೆಟ್ಟಿತು. ಬ್ಯಾಟು ಹಿಡಿದು ಹೋದ ಹಾಗೆಯೇ ಔಟಾಗಿ ತಿರುಗಿ ಬರತೊಡಗಿದ. ಒಂದು ದಿನ ಟೀಮಿನವರೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ಕಾಕಾನನ್ನು ಇನ್ನು ಹೊರಗೆ ಕೂರಿಸುವುದೇ ಒಳ್ಳೆಯದು, ಹೊಸ ಹುಡುಗರು ಕಾಯುತ್ತಿದ್ದಾರೆ ಎಂದರು. ಅವನಿಲ್ಲದೆ ಟೀಮು ಎಲ್ಲಿತ್ತು ಎಂದು ಒಬ್ಬಿಬ್ಬರು ತಕರಾರು ಮಾಡಿದರು. ಮರುದಿನ ಸಿದ್ದು ಹೇಗೋ ಧೈರ್ಯ ಮಾಡಿ, ಅದನ್ನು ಹೇಳಲು ಹಿತ್ತಲಿಗೆ ಹೋದ. ಉಣ್ಣೆ ಕತ್ತರಿಸುತ್ತಿದ್ದ ಕಾಕಾ ತಾನೇ ಮಾತು ತೆಗೆದ.

"ಹಿಂದ ಆಡಿದ್ದು ನೆನಸಿ ನನ್ನ ಇಟ್ಕೋಬ್ಯಾಡ ಸಿದ್ದಾ. ಈಗ ಆಡ್ತೀನೋ ಇಲ್ಲೋ, ಅಷ್ಟ ನೋಡು."

ಅಣ್ಣ ಅಲ್ಲಿಂದಲೇ ತಿರುಗಿ ಬಂದ. ಅಂದು ಅವನು ಸರಿಯಾಗಿ ಊಟ ಮಾಡಲಿಲ್ಲ.

ಆ ವಾರವೇ ಕಾಕಾ ಹಿಂಡಿನ ಜೊತೆ ಬೇರೆಯವರ ಕುರಿಯೊಂದನ್ನು ಹೊಡೆದುಕೊಂಡು ಬಂದ. ಮುಖ ನೋಡಿಯೇ ತನ್ನ ಕುರಿ ಯಾವುದೆಂದು ಹೇಳುತ್ತಿದ್ದವನು! ಗೌರಾ ಕಾಕು ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ ಗಂಡನನ್ನೇ ನೋಡುತ್ತ ನಿಂತಳು. ಅಣ್ಣನನ್ನು ಒಳಗೆ ಕರೆದು, "ನಿಮ್ಮ ಕಾಕಾನ ಆಟ ಹೋಗಿಲ್ಲೋ, ಕಣ್ಣ ಹೋಗ್ಯಾವ" ಎಂದಳು.

ಸೋಲಾಪುರದ ಡಾಕ್ಟರ ಹತ್ತಿರ ಕಾಕಾನನ್ನು ಕರೆದೊಯ್ದವಳೂ ಅವಳೇ. ಚಷ್ಮಾ ಬಂತು, ಆದರೆ ಅದನ್ನು ಹಾಕಿಕೊಂಡು ಮೈದಾನಕ್ಕೆ ಇಳಿಯಲು ಕಾಕಾನಿಗೆ ನಾಚಿಕೆ. ಕಾಕು ಉಣ್ಣೆಯ ದಾರ ಹೊಸೆದು ಚಷ್ಮಾಕ್ಕೆ ಕಟ್ಟಿ, ತಲೆಯ ಹಿಂದೆ ಗಂಟು ಹಾಕಿಕೊಟ್ಟಳು. ಅಕ್ಕಲಕೋಟೆಯ ಪಂದ್ಯದಲ್ಲಿ ಆಡು, ಆಮೇಲೆ ನೋಡೋಣ ಎಂದ ಅಣ್ಣ.

ನಾನೂ ಹೋಗಿದ್ದೆ. ಕಾಕಾ ಆಡಲು ಬಂದಾಗ ಯಾರೋ ಮರಾಠಿಯಲ್ಲಿ 'ಆಜೋಬಾ', ಅಂದರೆ ಅಜ್ಜಾ, ಎಂದು ಕೂಗಿದರು, ಸುತ್ತಲಿನವರು ನಕ್ಕರು. ಅವನು ಕೆಲವು ಚೆಂಡುಗಳನ್ನು ಸುಮ್ಮನೆ ತಡೆದ. ನಂತರ ಒಂದನ್ನು ಇಬ್ಬರು ಫೀಲ್ಡರುಗಳ ನಡುವಿನಿಂದ ನೆಲದ ಮೇಲೆಯೇ ಅಟ್ಟಿದ. ಹಳೆಯ ದೊಡ್ಡ ಹೊಡೆತಗಳು ಅಂದು ಬರಲಿಲ್ಲ, ಆದರೆ ಕೊನೆಯವರೆಗೂ ಅವನನ್ನು ಔಟು ಮಾಡಲು ಯಾರಿಂದಲೂ ಆಗಲಿಲ್ಲ. ಗೆದ್ದು ಬರುವಾಗ ಅಂಗಿಯ ಅಂಚಿನಿಂದ ಚಷ್ಮಾ ಒರೆಸುತ್ತ ನನಗೆ ಹೇಳಿದ: "ಚೆಂಡಿನ ಹೊಲಿಗಿ ಸೈತ ಕಾಣಸ್ತಿತ್ತವ್ವಾ."

ಆ ವರ್ಷವೆಲ್ಲ ಅವನು ಆಡಿದ. ಮುಂದಿನ ವರ್ಷ ಆಟ ಶುರುವಾಗುವ ಮೊದಲೇ, ಕಣ್ಣು ಕಾಣುತ್ತವೆ, ಕಾಲು ಒಲ್ಲೆ ಅನ್ನುತ್ತವೆ ಎಂದು ನಗುತ್ತ ಬ್ಯಾಟನ್ನು ಅಣ್ಣನ ಕೈಗಿಟ್ಟ. ಯಾರೂ ಅವನಿಗೆ ಹೋಗು ಎನ್ನಬೇಕಾಗಲಿಲ್ಲ.

ಕಾಕಾ ಈಗಿಲ್ಲ, ಕಾಕುವೂ ಇಲ್ಲ. ಮಾಳಿಗೆ ಮನೆ ಇದ್ದಲ್ಲಿ ಅಣ್ಣತಮ್ಮಂದಿರ ಸಿಮೆಂಟಿನ ಮನೆಗಳಿವೆ, ಕುರಿಗಳಿಲ್ಲ. ಮೈದಾನ ಮಾತ್ರ ಹಾಗೆಯೇ ಇದೆ. ಸೋಲಾಪುರದಿಂದ ಎಸ್‌ಟಿ ಬಸ್ಸಿನಲ್ಲಿ ಬಂದಿಳಿದ ಸಂಜೆಗಳಲ್ಲಿ ನಾನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಈಗ ಹುಡುಗಿಯರೂ ಆಡುತ್ತಾರೆ. ಔಟಾದವರು ತಲೆ ತಗ್ಗಿಸಿ ಬಂದಾಗ, ಬೇವಿನ ನೆರಳಲ್ಲಿ ಕೂತವರು ಏನೂ ಕೇಳದೆ ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಡುತ್ತಾರೆ.